ಮೂರನೇ ಕೂಗು

ಕೋರ್ಟಿನಲ್ಲಿ ವಕೀಲರು ಎಷ್ಟೇ ಹಾರಾಡಲಿ, ಕೇಸು ನಿಜವಾಗಿ ಶುರುವಾಗುವುದು ಬಾಗಿಲಲ್ಲಿ ನಿಂತು ಹೆಸರು ಕೂಗುವವರ ಬಾಯಿಂದ. ಈ ಕೋರ್ಟಿನಲ್ಲಿ ಆ ಬಾಯಿ ಕಹಳೆಯಕ್ಕನದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಸಂಬಳದ ಗುಮಾಸ್ತನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅದನ್ನು ಮರೆತೇಬಿಟ್ಟಿದ್ದರು. ಐದಡಿಯೂ ಇಲ್ಲದ ಹೆಂಗಸು, ಕೈಕಾಲು ಕಡ್ಡಿಯ ಹಾಗೆ. ಅಷ್ಟು ದೊಡ್ಡ ದನಿ ಆ ದೇಹದ ಯಾವ ಮೂಲೆಯಲ್ಲಿ ಅಡಗಿತ್ತೋ ದೇವರೇ ಬಲ್ಲ. ಅವಳು ಕೂಗಿದರೆ ಗೇಟಿನಾಚೆ ಚಹಾ ಕುಡಿಯುತ್ತಿದ್ದವನ ಕೈಯ ಲೋಟ ತುಳುಕುತ್ತದೆ ಎಂದು ವಕೀಲರು ತಮಾಷೆ ಮಾಡುತ್ತಿದ್ದರು. ವಕೀಲರ ಮಾತನ್ನು ಅರ್ಧ ಕಳೆದು ನಂಬಬೇಕು. ಉಳಿದರ್ಧವಾದರೂ ಖಂಡಿತ ನಿಜವಿತ್ತು.

ಒಂದೊಂದು ಹೆಸರನ್ನೂ ಮೂರು ಸಲ ಕೂಗಬೇಕು, ಅದು ಕೋರ್ಟಿನ ಕ್ರಮ. ಮೊದಲನೆಯ ಕೂಗು ಮೆಟ್ಟಿಲ ಕಡೆಗೆ. ಎರಡನೆಯದು ಸೈಕಲ್ಲು ಮೋಟಾರುಗಳು ನಿಂತ ಅಂಗಳದ ಕಡೆಗೆ. ಮೂರನೆಯದು ಗೇಟಿನ ಕಡೆಗೆ, ಹೊಟ್ಟೆಯ ಆಳದಿಂದ, ಉಸಿರು ಮುಗಿಯುವ ತನಕ ಎಳೆದು ಕೂಗುವುದು. "ಮೊದಲೆರಡು ಕೂಗು ಉಳ್ಳವರಿಗೆ, ಮೂರನೇದು ಬಡವರಿಗೆ" ಎಂದು ಅವಳು ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹೇಳಿಕೊಡುತ್ತಿದ್ದಳು. ದೊಡ್ಡ ವಕೀಲರನ್ನು ಹಿಡಿದವರು ಫ್ಯಾನಿನ ಕೆಳಗೇ ಕೂತಿರುತ್ತಾರೆ. ಹೆಸರು ಕೇಳಿಸದೆ ಹೋಗುವುದು ಗೋಡೆಯ ನೆರಳಿನಲ್ಲಿ ಕುಕ್ಕುರುಗಾಲಲ್ಲಿ ಕೂತವರಿಗೆ, ನಲ್ಲಿಯ ಹತ್ತಿರ ನೀರು ಕುಡಿಯಲು ಹೋದವರಿಗೆ. ಮೂರಕ್ಕೂ ಯಾರೂ ಬಾರದಿದ್ದರೆ ಅವಳು ಒಳಗೆ ತಿರುಗಿ "ಯಾರೂ ಇಲ್ಲ ಸ್ವಾಮಿ" ಎನ್ನಬೇಕು. ಅಲ್ಲಿಗೆ ಕೇಸು ವಜಾ ಆಗುತ್ತದೆ.

ಆ ಮೂರನೇ ಕೂಗೇ ಅವಳಿಗೆ ಶತ್ರುವಾಯಿತು. ಕೊನೆಯ ಹೆರಿಗೆ ಕಷ್ಟದ್ದಾಗಿತ್ತು. ಮಗಳು ಒಂದು ಹಗಲು ಒಂದು ರಾತ್ರಿ ತಾಯಿಯನ್ನು ಗೋಳು ಹೊಯ್ದುಕೊಂಡೇ ಹೊರಗೆ ಬಂದಿದ್ದಳು. ಆಮೇಲಿನ ವರ್ಷಗಳಲ್ಲಿ ಕೆಮ್ಮಿದರೆ ಒಂದು ಹನಿ, ಸೀನಿದರೆ ಎರಡು ಹನಿ ಎಂದು ಶುರುವಾಗಿ, ವಯಸ್ಸು ನಲವತ್ತು ದಾಟುವಷ್ಟರಲ್ಲಿ ಗೇಟಿನ ಕಡೆಗೆ ಬಾಯಿ ತೆರೆದರೆ ಸಾಕು, ಒಳಬಟ್ಟೆ ತೊಯ್ಯುತ್ತಿತ್ತು. ಯಾರಿಗೆ ಹೇಳುವುದು? ಜ್ವರ ಬಂದರೆ ಹೇಳಬಹುದು, ಸೊಂಟ ಹಿಡಿದರೆ ಹೇಳಬಹುದು. ದೊಡ್ಡವಳಾದ ಹೆಂಗಸಿಗೆ ಒಂದಕ್ಕೆ ತಡೆಯಲಾಗುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಹೇಳಲಿಲ್ಲ. ಅದರ ಬದಲು ಒಂದು ವಿದ್ಯೆ ಕಲಿತಳು. ಹೆಸರಿನ ಚೀಟಿ ಕೈಗೆ ಬಂದ ಕೂಡಲೇ ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಕಾಲಿಗೆ ಕಾಲು ಅಡ್ಡ ಹಾಕಿ, ಒಳಗಿನಿಂದ ಎಲ್ಲವನ್ನೂ ಮೇಲಕ್ಕೆ ಸೆಳೆದು ಬಿಗಿದು, ಆಮೇಲೆ ಕೂಗುವುದು. ಕೆಮ್ಮು ಬಂದರೂ ಅಷ್ಟೇ, ಮೊದಲು ಬಿಗಿ, ಆಮೇಲೆ ಕೆಮ್ಮು. ಮಧ್ಯಾಹ್ನದ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಸಮವಸ್ತ್ರ ಕಡುನೀಲಿಯದಾಗಿದ್ದು ಪುಣ್ಯ. ಚೀಲದಲ್ಲಿ ಯಾವಾಗಲೂ ಮಡಿಸಿದ ಹಳೆಯ ಬಟ್ಟೆ. ಅವನ್ನು ಒಗೆದು, ಉಳಿದವರ ಬಟ್ಟೆಗಳ ಹಿಂದೆ, ಗೋಡೆಯ ಕಡೆಯ ತಂತಿಗೆ ಕದ್ದು ಒಣಗಿಸುತ್ತಿದ್ದಳು. ನಗುವುದನ್ನು ಬಿಟ್ಟಳು, ಯಾಕೆಂದರೆ ನಗು ಹೇಳಿ ಕೇಳಿ ಬರುವುದಿಲ್ಲ, ಬಿಗಿ ಹಿಡಿಯಲು ಪುರುಸೊತ್ತು ಕೊಡುವುದಿಲ್ಲ. "ಕಹಳೆಯಕ್ಕನಿಗೆ ಈಚೆಗೆ ಮೂಗಿನ ಮೇಲೇ ಕೋಪ" ಎಂದರು ಜನ. ಜನಕ್ಕೇನು, ಬಾಯಿಗೆ ಬಂದದ್ದು ಹೇಳುತ್ತಾರೆ.

ಮನೆಯಲ್ಲಿ ಗಂಡ. ಸುಟ್ಟುಹೋದ ನೀರಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಅವನದು. ಇಡೀ ದಿನ ತಲೆ ಬಗ್ಗಿಸಿ ಸುತ್ತು ಸುತ್ತುತ್ತಾನೆ, ಮಾತು ಮಾತ್ರ ಮುತ್ತು ಉದುರಿಸಿದ ಹಾಗೆ, ದಿನಕ್ಕೆ ನಾಲ್ಕು. ಒಂದು ರಾತ್ರಿ ಹಾಸಿಗೆ ಒದ್ದೆಯಾಯಿತು. ಅವನಿಗೆ ಎಚ್ಚರವಾಗುವ ಮೊದಲೇ ಅವಳು ಎದ್ದು ಎಲ್ಲ ಬದಲಿಸಿದಳು. ಮರುದಿನವೇ "ನಿಮ್ಮ ಗೊರಕೆಗೆ ನಂಗೆ ನಿದ್ದೆ ಬರಲ್ಲ" ಎಂದು ಹಾಸಿಗೆ ಸುತ್ತಿಕೊಂಡು ಮಗಳ ಕೋಣೆಗೆ ಹೋದಳು. ಗಂಡ "ಆಗ್ಲಿ" ಎಂದ. ಆ ಹಾಸಿಗೆ ಮತ್ತೆ ಅವನ ಕೋಣೆಗೆ ಬರಲಿಲ್ಲ. ಅವನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲ ಬಿಡಿ.

ಹೀಗೇ ಮುಚ್ಚಿಟ್ಟುಕೊಂಡು ನಿವೃತ್ತಿಯ ತನಕ ದೂಡಿಬಿಡುತ್ತಿದ್ದಳೋ ಏನೋ. ಆದರೆ ಒಂದು ಸೋಮವಾರ ನೆಗಡಿ ಹಿಡಿದಿತ್ತು. ಬೆಳಗಿನಿಂದ ಸೀನಿ ಸೀನಿ ಚೀಲದ ಬಟ್ಟೆಗಳೆಲ್ಲ ಮುಗಿದಿದ್ದವು. ಗಾರೆ ಕೆಲಸದವನೊಬ್ಬನ ಹೆಸರಿನ ಚೀಟಿ ಬಂತು. ಮೊದಲನೇ ಕೂಗು ಕೂಗಿದಳು. ಎರಡನೆಯದರಲ್ಲೇ ತೊಡೆಯುದ್ದಕ್ಕೂ ಬಿಸಿಯಾಗಿ ಇಳಿಯಿತು. ಮೂರನೆಯದಕ್ಕೆ ಬಾಯಿ ತೆರೆದವಳು ಮುಚ್ಚಿದಳು, ಒಳಗೆ ತಿರುಗಿ "ಯಾರೂ ಇಲ್ಲ ಸ್ವಾಮಿ" ಎಂದಳು. ಕೇಸು ವಜಾ ಆಯಿತು.

ಗಾರೆಯವನು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದ. ನ್ಯಾಯದ ಮುಂದೆ ಕೊಳೆಗಾಲಲ್ಲಿ ನಿಲ್ಲಬಾರದೆಂದು! ಒದ್ದೆ ಕಾಲಿನಲ್ಲೇ ಓಡಿ ಬಂದವನಿಗೆ ಗುಮಾಸ್ತ ವಿಷಯ ಹೇಳಿದ. ಬೈಯುತ್ತಾನೆ, ಕೂಗಾಡುತ್ತಾನೆ ಎಂದು ಕಹಳೆಯಕ್ಕ ಕಾದಳು. ಅವನು ಕೈ ಮುಗಿದ. "ನೀವು ಕೂಗಿರ್ತೀರಮ್ಮ. ನನ್ನ ಕಿವೀನೇ ಸರಿಯಿಲ್ಲ" ಎಂದ. ಮತ್ತೆ ಅರ್ಜಿ ಹಾಕಿದ ಮೇಲೆ ಆ ಕೇಸು ಎದ್ದು ನಿಂತಿತು, ಅವನ ಕೂಲಿಯ ಹಲವು ದಿನಗಳು ಮಾತ್ರ ಮಣ್ಣುಪಾಲಾದವು. ಅವಳಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಇನ್ನೊಬ್ಬನ ಹೆಸರನ್ನೇ ನುಂಗಿದೆನಲ್ಲ ಎಂದು ಸಂಕಟಪಟ್ಟಳು. ಬೆಳಿಗ್ಗೆ ಎದ್ದವಳೇ ಕೂಗುವ ಕೆಲಸ ಬಿಟ್ಟು ಹಳೆಯ ಕಡತಗಳ ಕೋಣೆಗೆ ಹಾಕಿಸಿಕೊಳ್ಳುವುದೆಂದು ತೀರ್ಮಾನ ಮಾಡಿದಳು.

ಅರ್ಜಿ ಟೈಪು ಮಾಡಿಸಲು ಹೋದದ್ದು ಟೈಪಿಸ್ಟಮ್ಮನ ಹತ್ತಿರ. ಕೋರ್ಟಿನ ಕಟ್ಟಡಕ್ಕಿಂತ ಹಳಬಳು, ನಾಲಿಗೆಗೆ ಮೂಳೆಯಿಲ್ಲ. ಎರಡು ಸಾಲು ಹೊಡೆದವಳು ಕೈ ನಿಲ್ಲಿಸಿ, ಕನ್ನಡಕದ ಮೇಲಿಂದ ನೋಡಿದಳು.

"ಇಲಿ, ಗೆದ್ದಲು, ಧೂಳು. ಅಲ್ಲಿಗೆ ಯಾಕೆ ಸಾಯಕ್ಕೆ ಹೋಗ್ತೀಯ? ಸೀನಿ ಸೀನಿ ಇನ್ನೂ ಜಾಸ್ತಿ ಆಗುತ್ತೆ."

"ಏನು ಜಾಸ್ತಿ ಆಗುತ್ತೆ?"

"ಕಾಲಿಗೆ ಕಾಲು ಹಾಕ್ಕೊಂಡು ಕೂಗೋದನ್ನ ಎಷ್ಟು ವರ್ಷದಿಂದ ನೋಡ್ತಿಲ್ಲ ನಾನು? ನಂಗೂ ಇತ್ತು ಕಣೇ. ಆಪರೇಷನ್ ಮಾಡಿ ಕೆಳಗೊಂದು ಸಣ್ಣ ಪಟ್ಟಿ ಹಾಕ್ತಾರೆ, ಸಂಜೆಗೆಲ್ಲ ಮನೆಗೆ. ಈಗ ನೋಡು." ಟೈಪಿಸ್ಟಮ್ಮ ಕೂತಲ್ಲೇ ಗಂಟಲು ಬಿರಿಯುವ ಹಾಗೆ ಕೆಮ್ಮಿದಳು. ಪಕ್ಕದ ಕೋಣೆಯ ಗುಮಾಸ್ತ ಗಾಬರಿಯಾಗಿ ನೀರು ತಂದ. ಕಹಳೆಯಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು. ಅರ್ಜಿ ಯಂತ್ರದಲ್ಲೇ ಉಳಿಯಿತು.

ಟೈಪಿಸ್ಟಮ್ಮ ಹೇಳಿ ಕಳಿಸಿದ ಡಾಕ್ಟರಮ್ಮ ಗಡಿಬಿಡಿಯಿಲ್ಲದ ಹೆಂಗಸು. ಮೊದಲು ಕೆಲವು ತಿಂಗಳು ವ್ಯಾಯಾಮ ಮಾಡಿಸಿದರು, ಒಳಗಿನ ಸ್ನಾಯು ಬಿಗಿಹಿಡಿದು ಬಿಡುವುದು. ಆ ವಿದ್ಯೆಯಲ್ಲಿ ಇವಳು ಆಗಲೇ ಪಂಡಿತೆ. ಕೆಮ್ಮು ಸೀನು ಸ್ವಲ್ಪ ಹತೋಟಿಗೆ ಬಂತು, ಮೂರನೇ ಕೂಗು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಆಪರೇಷನ್ ಮಾಡುವುದೆಂದಾಯಿತು. ಮೂತ್ರದ ನಾಳದ ಕೆಳಗೆ, ಬೆರಳಗಲದ ಬಲೆಯಂಥ ಪಟ್ಟಿಯೊಂದನ್ನು ತೊಟ್ಟಿಲಿನ ಹಾಗೆ ಕಟ್ಟುವುದು. ಕೆಮ್ಮಿದಾಗ ನಾಳ ಕೆಳಗೆ ಜಾರದೆ ಅದರ ಮೇಲೆ ಒರಗಿಕೊಳ್ಳುತ್ತದೆ.

"ಪೂರ್ತಿ ನಿದ್ದೆ ಬರೋ ಹಾಗೆ ಮಾಡ್ತೀರಲ್ಲ ಡಾಕ್ಟ್ರೇ?" ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಇಲ್ಲಮ್ಮ. ಆ ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್. ನೀವು ಎಚ್ಚರವಾಗೇ ಇರ್ತೀರಿ. ಪಟ್ಟಿ ತೀರಾ ಬಿಗಿಯಾದ್ರೆ ಮೂತ್ರನೇ ಕಟ್ಕೊಳ್ಳುತ್ತೆ, ಸಡಿಲ ಆದ್ರೆ ಈಗಿನ ಹಾಗೇ ಸೋರುತ್ತೆ. ಎಷ್ಟು ಬಿಗೀಬೇಕು ಅಂತ ನಂಗೆ ತಿಳಿಯೋದು ಹೇಗೆ? ಮೂತ್ರಚೀಲಕ್ಕೆ ನೀರು ತುಂಬಿಸಿ, ಕೆಮ್ಮಿ ಅಂತೀನಿ. ನೀವು ಕೆಮ್ಮಬೇಕು, ಸೋರಬೇಕು, ನಾನು ನೋಡಿ ಸರಿ ಮಾಡಬೇಕು. ನಿದ್ದೆ ಮಾಡಿಸಿಬಿಟ್ರೆ ಕೆಮ್ಮೋರು ಯಾರು?"

ಕಹಳೆಯಕ್ಕ ಇಷ್ಟು ವರ್ಷ ಯಾವುದು ಆಗದಿರಲೆಂದು ಹೆಣಗಿದಳೋ ಅದನ್ನೇ ದೀಪದ ಕೆಳಗೆ ನಾಲ್ಕು ಜನರ ಮುಂದೆ ಬೇಕೆಂದೇ ಮಾಡಬೇಕು. ಬೇಡ ಎಂದು ಎದ್ದು ಬಂದಳು. ಮರುದಿನ ಕೋರ್ಟಿನಲ್ಲಿ ಚೌಕಟ್ಟು ಹಿಡಿದು ನಿಂತಾಗ ಗಾರೆಯವನ ಮುಗಿದ ಕೈ ನೆನಪಾಯಿತು. ಆಗಲಿ ಎಂದು ಒಪ್ಪಿಕೊಂಡಳು.

ಗಂಡನಿಗೆ ಏನೋ ಒಂದು ಹೇಳಬೇಕಲ್ಲ. "ಹೊಟ್ಟೆಯ ಕೆಳಗೆ ಸಣ್ಣದೊಂದು ಗಡ್ಡೆ ಇದೆಯಂತೆ, ತೆಗೀತಾರಂತೆ" ಎಂದಳು. ನಿಜ ಹೇಳುವುದಕ್ಕಿಂತ ಗಡ್ಡೆ ವಾಸಿ ಎನ್ನಿಸಿತು ಅವಳಿಗೆ! ನಾಚಿಕೆ ಮನುಷ್ಯರ ಕೈಲಿ ಎಂತೆಂಥ ಮಾತಾಡಿಸುತ್ತದೆ ನೋಡಿ. ಗಂಡ ಕೈಯಲ್ಲಿದ್ದ ತಂತಿಯ ಸುರುಳಿ ಕೆಳಗಿಟ್ಟ. "ಆಗ್ಲಿ" ಎಂದ. ಅವತ್ತಿನಿಂದ ಅವನು ಅರ್ಧ ಊಟಕ್ಕೇ ಏಳುತ್ತಿದ್ದುದನ್ನು ತನ್ನ ಚಿಂತೆಯಲ್ಲಿ ಮುಳುಗಿದ್ದ ಅವಳು ಗಮನಿಸಲಿಲ್ಲ.

ಅದು ಸಣ್ಣ ಆಸ್ಪತ್ರೆ. ಆಪರೇಷನ್ ಕೋಣೆಗೆ ಎರಡು ರೆಕ್ಕೆಯ ಬಾಗಿಲು, ಅದರಾಚೆ ಉದ್ದನೆಯ ಪಡಸಾಲೆ, ಬೆಂಚಿನ ಮೇಲೆ ಗಂಡ. ಒಳಗೆ ಹಸಿರು ಬಟ್ಟೆ ಹೊದಿಸಿ ಮಲಗಿಸಿದರು. ಎದೆಯ ಮೇಲೆ ಅಡ್ಡ ಪರದೆ ಕಟ್ಟಿದ್ದರಿಂದ ಕೆಳಗಿನದೇನೂ ಕಾಣಿಸುವಂತಿರಲಿಲ್ಲ. ತಲೆಯ ಹತ್ತಿರ ನಿಂತ ನರ್ಸಮ್ಮ ಕೈ ಹಿಡಿದುಕೊಂಡಳು. "ಇರುವೆ ಕಚ್ಚಿದ ಹಾಗಾಗುತ್ತೆ" ಎಂದರು ಡಾಕ್ಟರಮ್ಮ. ಇರುವೆಯಲ್ಲ, ಚೇಳೇ ಕಚ್ಚಿದಂತಾಯಿತು; ನೋವಿನ ವಿಷಯದಲ್ಲಿ ಡಾಕ್ಟರುಗಳ ಲೆಕ್ಕವೇ ಬೇರೆ. ಆಮೇಲೆ ಉರಿ ಕರಗುತ್ತ, ಆ ಜಾಗ ತನ್ನದಲ್ಲವೇನೋ ಎಂಬಂತೆ ದೂರವಾಯಿತು. ಯಾರೋ ಎಳೆಯುತ್ತಿದ್ದಾರೆ, ಒತ್ತುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ನೋವಿರಲಿಲ್ಲ. ಕತ್ತರಿ ತಟ್ಟೆಗೆ ಬೀಳುವ ಸದ್ದು ಕೇಳಿಸುತ್ತಿತ್ತು. ನರ್ಸಮ್ಮ ಊರಿನ ಬಿಸಿಲಿನ ಬಗ್ಗೆ ಮಾತಾಡಿದಳು, ಇವಳೂ ಹೂಂಗುಟ್ಟಿದಳು.

"ಪಟ್ಟಿ ಕೂತಿದೆ. ನೀರು ತುಂಬಿಸಿದ್ದೀನಿ. ಈಗ ಕೆಮ್ಮಿ ನೋಡೋಣ, ಜೋರಾಗಿ."

ಕಹಳೆಯಕ್ಕ ಕೆಮ್ಮಿದಳು.

"ಇನ್ನೊಂದು ಸಲ."

ಕೆಮ್ಮಿದಳು.

"ಪರವಾಗಿಲ್ವೇ! ಒಂದು ಹನಿ, ಅಷ್ಟೇ. ಸರಿಯಾಗಿ ಕೂತಿರೋ ಹಾಗಿದೆ. ಕತ್ತರಿ ಕೊಡಿ, ತುದಿ ಕತ್ತರಿಸಿಬಿಡೋಣ."

ಪರದೆಯ ಈಚೆ ಮಲಗಿದ್ದವಳಿಗೆ ಮಾತ್ರ ನಿಜ ಗೊತ್ತಿತ್ತು. ಆ ಎರಡು ಕೆಮ್ಮಿಗೂ ಮೊದಲು ಅವಳು ಬಿಗಿ ಹಿಡಿದಿದ್ದಳು. ಬೇಕೆಂದು ಹಿಡಿದದ್ದಲ್ಲ, ಮೋಸ ಮಾಡುವ ಮನಸ್ಸೂ ಇರಲಿಲ್ಲ. ಕೆಮ್ಮು ಎಂದ ಕೂಡಲೇ ದೇಹ ತಾನಾಗಿ ತನ್ನ ಹಳೆಯ ಕಸುಬು ಮಾಡಿತ್ತು. ಈಗ ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ, ಯಾರ ಮುಂದೆಯೂ ಮಾನ ಹೋಗುವುದಿಲ್ಲ. ಪಟ್ಟಿ ಮಾತ್ರ ಸಡಿಲವಾಗೇ ಉಳಿಯುತ್ತದೆ. ಬಾಗಿಲು, ಚೌಕಟ್ಟು, ಚೀಲದ ಬಟ್ಟೆ, ನುಂಗಿದ ಹೆಸರು, ಎಲ್ಲ ಹಾಗೇ ಇರುತ್ತದೆ. ಸಾಕ್ಷಿಕಟ್ಟೆಗೆ ಬಂದವರಿಂದೆಲ್ಲ ಸತ್ಯವನ್ನೇ ಹೇಳುತ್ತೇನೆ ಎಂದು ದಿನಬೆಳಗಾದರೆ ಪ್ರಮಾಣ ಮಾಡಿಸುವವಳು ಅವಳು. ಕತ್ತರಿ ಕೈ ಬದಲಾದ ಸದ್ದು ಕೇಳಿಸಿತು.

"ಡಾಕ್ಟ್ರೇ, ಕತ್ತರಿಸ್ಬೇಡಿ," ಎಂದಳು. "ಅದು ನಿಜವಾದ ಕೆಮ್ಮಲ್ಲ."

ಕತ್ತರಿ ಮತ್ತೆ ತಟ್ಟೆಗೆ ಬಿತ್ತು.

"ನಾನು ಬಿಗಿ ಹಿಡ್ಕೊಂಡು ಕೆಮ್ಮಿದೆ. ಯಾವಾಗ್ಲೂ ಹಂಗೇ ಕೆಮ್ಮೋದು."

ಡಾಕ್ಟರಮ್ಮ ಪರದೆಯ ಮೇಲಿಂದ ಇಣುಕಿದರು. ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅದರಲ್ಲಿ ಸಿಟ್ಟಿರಲಿಲ್ಲ. "ಹೇಳಿದ್ದು ತುಂಬ ಒಳ್ಳೇದಾಯ್ತಮ್ಮ. ಬಿಗಿ ಹಿಡೀಬೇಡಿ ಅಂತ ಮೊದಲೇ ನಾನೇ ಹೇಳ್ಬೇಕಿತ್ತು. ಈಗ ಬಿಗಿ ಬಿಟ್ಟು ಕೆಮ್ಮಿ."

ಬಿಡಲು ಬಂದರೆ ತಾನೆ? ಸಡಿಲ ಬಿಡಬೇಕು ಎಂದುಕೊಂಡು ಬಾಯಿ ತೆರೆದರೆ, ಕೆಮ್ಮು ಹೊರಡುವ ಮುನ್ನವೇ ಒಳಗೆ ಬಿಗಿಯುತ್ತಿತ್ತು. ನಾಲ್ಕೈದು ಸಲ ಪ್ರಯತ್ನಿಸಿದಳು. ಸುಳ್ಳು ಕೆಮ್ಮುಗಳೇ ಬಂದವು. ನಿಜವಾಗಿ ಕೆಮ್ಮುವುದನ್ನೇ ತಾನು ಮರೆತಿದ್ದೇನೆಂದು ಅವಳಿಗೆ ಆ ಮೇಜಿನ ಮೇಲೆ ಮಲಗಿದಾಗ ತಿಳಿಯಿತು.

"ಎಷ್ಟು ಬಿಗಿ ಹಿಡಿದ್ರೂ ನಿಲ್ಲದೆ ಸೋರೋದು ಯಾವಾಗ?" ನರ್ಸಮ್ಮ ಮೆಲ್ಲಗೆ ಕೇಳಿದಳು.

"ಕೂಗಿದಾಗ. ಕೋರ್ಟಲ್ಲಿ ಹೆಸರು ಕೂಗಿದಾಗ. ಮೂರನೇ ಸಲ."

"ಹಾಗಾದ್ರೆ ಕೂಗಿ," ಎಂದರು ಡಾಕ್ಟರಮ್ಮ.

"ಇಲ್ಲೇನಾ? ಯಾರ ಹೆಸರು?"

"ಯಾರದಾದ್ರೂ ಆಗ್ಲಿ. ನಿಮ್ಮ ಕೋರ್ಟಲ್ಲಿ ಹೇಗೆ ಕೂಗ್ತೀರೋ ಹಾಗೇ."

ಯೋಚಿಸಲು ವ್ಯವಧಾನವಿರಲಿಲ್ಲ. ಬಾಯಿಗೆ ಬಂದದ್ದು ಗಂಡನ ಹೆಸರು. ಕೋರ್ಟಿನ ರೂಢಿಯಂತೆ ಅದರ ಹಿಂದೆ ಅವನಪ್ಪನ ಹೆಸರನ್ನೂ ಸೇರಿಸಿ ಕೂಗಿದಳು. ತಟ್ಟೆಯಲ್ಲಿನ ಸಾಮಾನು ಝಣಗುಟ್ಟಿತು. ಎರಡನೇ ಸಲ ಕೂಗಿದಳು. ಕೈ ಹಿಡಿದಿದ್ದ ನರ್ಸಮ್ಮ ಬೆಚ್ಚಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿ ಗೇಟನ್ನು ನೆನೆದು, ಹೊಟ್ಟೆಯ ಆಳದಿಂದ ತೆಗೆದು, ಉಸಿರು ಮುಗಿಯುವ ತನಕ ಎಳೆದಳು. ಕೆಳಗೆ ನೀರು ನೆಲಕ್ಕೆ ಸುರಿಯುವ ಸದ್ದು ಅವಳ ಕಿವಿಗೇ ಬಿತ್ತು.

"ಬಂತು! ಇದು ಬೇಕಿತ್ತು ನಂಗೆ!" ಎಂದರು ಡಾಕ್ಟರಮ್ಮ, ಚಿನ್ನದ ನಿಧಿ ಸಿಕ್ಕಿದವರಂತೆ. ನಾಚಿ ಸಾಯಬೇಕಾದವಳಿಗೆ ಯಾಕೋ ನಾಚಿಕೆಯೇ ಆಗಲಿಲ್ಲ. ಆಗಲು ಸಮಯವೂ ಸಿಗಲಿಲ್ಲ, ಏಕೆಂದರೆ ಅಷ್ಟರಲ್ಲಿ ರೆಕ್ಕೆಬಾಗಿಲು ಧಡಧಡ ಬಡಿದುಕೊಳ್ಳತೊಡಗಿತ್ತು.

"ಇದೀನಿ! ಇಲ್ಲೇ ಇದೀನಿ! ಏನಾಯ್ತು ಅವಳಿಗೆ?"

ನರ್ಸಮ್ಮ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಏನಾಗಿಲ್ಲ ಯಜಮಾನ್ರೇ, ಒಳಗೆ ಬರ್ಬೇಡಿ, ಚೆನ್ನಾಗಿದ್ದಾರೆ."

"ಚೆನ್ನಾಗಿದ್ರೆ ಹಂಗ್ಯಾಕೆ ಕೂಗಿದ್ಲು? ಕ್ಯಾನ್ಸರ್ ತಾನೆ? ನಿಜ ಹೇಳಿ. ಅವಳು ನಂಗೆ ಹೇಳಲ್ಲ. ಅವಳು ನಂಗೆ ಏನೂ ಹೇಳಲ್ಲ." ದಿನಕ್ಕೆ ನಾಲ್ಕು ಮಾತಿನ ಮನುಷ್ಯನ ದನಿ ಒಡೆದು ಚೂರಾಗಿತ್ತು.

ಕಹಳೆಯಕ್ಕನಿಗೆ ಆಗ ಹೊಳೆಯಿತು. ಗಡ್ಡೆ ಎಂದು ತಾನು ಸಲೀಸಾಗಿ ಎಸೆದ ಮಾತನ್ನು ಆ ಮನುಷ್ಯ ಇಷ್ಟು ದಿನ ಒಬ್ಬನೇ ಎದೆಯಲ್ಲಿ ಹೊತ್ತು ತಿರುಗಿದ್ದ. ಅರ್ಧಕ್ಕೇ ಬಿಟ್ಟೇಳುತ್ತಿದ್ದ ಊಟದ ತಟ್ಟೆ ಈಗ ಅವಳ ಕಣ್ಣಿಗೆ ಕಟ್ಟಿತು.

ಡಾಕ್ಟರಮ್ಮ ಆಚೆ ಏನಾಗುತ್ತಿದೆ ಎಂದು ತಲೆ ಎತ್ತಲಿಲ್ಲ. ಪಟ್ಟಿಯನ್ನು ನವಿರಾಗಿ ಎಳೆದು ಕೂರಿಸಿದರು. "ಈಗ ಇನ್ನೊಂದೇ ಸಲ ಕೂಗ್ಬೇಕಮ್ಮ. ಅಷ್ಟೇ ಜೋರಾಗಿ. ಏನಾದ್ರೂ ಕೂಗಿ."

ಅವಳು ಬಾಗಿಲ ಕಡೆಗೆ ಮುಖ ಹೊರಳಿಸಿದಳು. ಉಸಿರು ತುಂಬಿಕೊಂಡಳು.

"ಗಡ್ಡೆ ಅಲ್ಲ ಕಣ್ರೀ! ಕ್ಯಾನ್ಸರ್ರೂ ಅಲ್ಲ! ಕೂಗಿದ್ರೆ ಕೆಮ್ಮಿದ್ರೆ ಉಚ್ಚೆ ಹೋಗ್ಬಿಡುತ್ತೆ ನಂಗೆ! ಹತ್ತು ವರ್ಷದಿಂದ! ಅದಕ್ಕೇ ಬೇರೆ ಮಲಗಿದ್ದು! ಗೊರಕೆಗಲ್ಲ!"

ಪಡಸಾಲೆಯಲ್ಲಿ ಸರದಿ ಕಾಯುತ್ತಿದ್ದವರು, ಔಷಧಿ ಕಿಟಕಿಯ ಮುಂದೆ ನಿಂತವರು, ಮೆಟ್ಟಿಲು ಹತ್ತುತ್ತಿದ್ದವರು, ಎಲ್ಲರಿಗೂ ಒಂದಕ್ಷರ ಬಿಡದೆ ಕೇಳಿಸಿತು. ಒಬ್ಬರೂ ನಗಲಿಲ್ಲ.

"ಒಂದೇ ಹನಿ," ಎಂದರು ಡಾಕ್ಟರಮ್ಮ. "ಅಷ್ಟಿರ್ಬೇಕು, ಪೂರ್ತಿ ಬಿಗೀಬಾರ್ದು. ಕತ್ತರಿ."

ಆಮೇಲೆ ಗಂಡನ ದನಿ ಕೇಳಿಸಿತು, ಬಾಗಿಲ ಸಂದಿಗೆ ಬಾಯಿಟ್ಟು ಹೇಳುತ್ತಿದ್ದ.

"ಅದಕ್ಕಾ? ಅಷ್ಟಕ್ಕಾ? ನನ್ನ ಕಂಡ್ರೇ ನಿಂಗೆ ಆಗಲ್ವೇನೋ ಅಂದ್ಕೊಂಡಿದ್ದೆ ಕಣೇ, ಇಷ್ಟು ವರ್ಷ."

ಅಷ್ಟು ಹೇಳಿ ಅವನು ಹೊಸ್ತಿಲ ಹತ್ತಿರವೇ ಕುಸಿದು ಕೂತು ಮಗುವಿನಂತೆ ಅಳತೊಡಗಿದ. ಆ ಅಳು ಕೇಳಿ ಮೇಜಿನ ಮೇಲಿದ್ದವಳಿಗೂ ತಡೆಯಲಾಗಲಿಲ್ಲ, ಮೈಯೆಲ್ಲ ಬಿಕ್ಕತೊಡಗಿತು. ಸೂಜಿಗೆ ದಾರ ಪೋಣಿಸುತ್ತಿದ್ದ ಡಾಕ್ಟರಮ್ಮ ಕ್ಷಣ ಕಾದರು.

"ಅಳಿ ಅಮ್ಮ, ಎಷ್ಟು ಬೇಕಾದ್ರೂ ಅಳಿ," ಎಂದರು. "ಹೊಲಿಗೆ ಹಾಕೋವಾಗ ಅಲ್ಲಾಡ್ಬೇಡಿ, ಅಷ್ಟೇ."